ದನದ ಕಣ್ಣಲ್ಲಿ ಬಿಳುಪು: ಹನಿ ಹಾಕುವ ಮುನ್ನ ನೋಡಬೇಕಾದ್ದು

ಭಾರತ ಹುಣ್ಣಿಮೆ ಮುಗಿಸಿ ಸವದತ್ತಿಯ ಎಲ್ಲಮ್ಮನ ಗುಡ್ಡದಿಂದ ಚಕ್ಕಡಿಗಳು ಊರಿಗೆ ಮರಳುವ ದಿನಗಳಲ್ಲಿ ಎತ್ತುಗಳ ಕಣ್ಣಿಗೆ ಬಿಡುವಿರುವುದಿಲ್ಲ. ದಾರಿಯುದ್ದಕ್ಕೂ ಮುಂದಿನ ಬಂಡಿ ಎಬ್ಬಿಸಿದ ಧೂಳು, ಗುಡ್ಡದಲ್ಲಿ ಹಾರಿಸುವ ಭಂಡಾರ, ಒತ್ತೊತ್ತಾಗಿ ಕಟ್ಟಿದ ಹತ್ತೂರಿನ ದನ, ಒಂದರ ಮುಖದಿಂದ ಇನ್ನೊಂದರ ಮುಖಕ್ಕೆ ಹಾರುವ ನೊಣ. ಮನೆಗೆ ಬಂದ ಮೂರನೆಯದೋ ನಾಲ್ಕನೆಯದೋ ದಿನ ಒಂದು ಎತ್ತು ಕಣ್ಣು ಕಿರಿದು ಮಾಡುತ್ತದೆ, ಕೆನ್ನೆಯ ಮೇಲೆ ನೀರಿನ ಗೆರೆ ಮೂಡುತ್ತದೆ. ಮತ್ತೆರಡು ದಿನಕ್ಕೆ “ಎತ್ತಿನ ಕಣ್ಣಾಗ ಹೂವ ಬಿದ್ದೈತ್ರಿ” ಎಂಬ ಮಾತು ಓಣಿ ತುಂಬ ಹಬ್ಬುತ್ತದೆ.

ಆಮೇಲೆ ಸಲಹೆಗಳದ್ದೇ ಜಾತ್ರೆ. ಒಬ್ಬರು ಉಪ್ಪು ಅಗಿದು ಉಗುಳಿ ಎನ್ನುತ್ತಾರೆ, ಇನ್ನೊಬ್ಬರು ತಂಬಾಕಿನ ನೀರು ಹಿಂಡಿ ಎನ್ನುತ್ತಾರೆ. ಮೂರನೆಯವರು ಮನೆಯೊಳಗೆ ಹೋಗಿ ಅಜ್ಜನ ಕಣ್ಣಿನ ಆಪರೇಶನ್ ಆದಾಗ ಕೊಟ್ಟಿದ್ದ ಹನಿಯ ಶೀಸೆ ತರುತ್ತಾರೆ. ಉಪ್ಪು, ತಂಬಾಕು ಕಣ್ಣನ್ನು ಉರಿಸುತ್ತವೆ, ಅದು ನಮಗೂ ಗೊತ್ತು. ನಿಜವಾದ ಅಪಾಯ ಆ ಮೂರನೆಯ ಶೀಸೆಯಲ್ಲಿದೆ. ಪೊರೆಯ ಶಸ್ತ್ರಚಿಕಿತ್ಸೆಯ ಬಳಿಕ ಕೊಡುವ ಹನಿಗಳಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. ದನದ ಕಣ್ಣಿನಲ್ಲಿ ಹುಣ್ಣಿದ್ದರೆ ಅದು ಕೆಂಪನ್ನು ಇಳಿಸಿ, ನೋವನ್ನು ತಗ್ಗಿಸಿ, “ಆರಾಮ ಆತು” ಅನ್ನಿಸುತ್ತಲೇ ಹುಣ್ಣನ್ನು ಒಳಗೊಳಗೇ ಆಳಕ್ಕೆ ಇಳಿಸುತ್ತದೆ. ವಾರದಲ್ಲಿ ಕಣ್ಣು ಒಡೆದುಹೋಗಬಹುದು.

ಹಾಗಾಗಿ ಏನು ಹಾಕಬೇಕು ಎನ್ನುವ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಮೂರು ಸಂಗತಿ ನೋಡಿಕೊಳ್ಳಿ. ತೊಂದರೆ ಒಂದು ಕಣ್ಣಿಗೋ, ಎರಡಕ್ಕೂ ಏಕಕಾಲಕ್ಕೋ? ಬಿಳುಪು ಕರಿಗುಡ್ಡೆಯ ನಡುವಿನಿಂದ ಶುರುವಾಯಿತೋ, ಅಂಚಿನಿಂದಲೋ? ಮೈ ಬಿಸಿ ಇದೆಯೋ, ಇಲ್ಲವೋ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ದನಗಳಿಗೆ ಬರುವ ಕಣ್ಣಿನ ಕಾಯಿಲೆಗಳಲ್ಲಿ ಬಹುಪಾಲನ್ನು ಈ ಮೂರು ಉತ್ತರಗಳೇ ಬೇರೆ ಬೇರೆ ಮಾಡಿಕೊಡುತ್ತವೆ.

ನೋಡುವುದಕ್ಕೂ ಒಂದು ಕ್ರಮವಿದೆ. ದನವನ್ನು ನೆರಳಿಗೆ ತಂದು ಮೂಗುದಾಣ ಹಿಡಿಸಿ. ಮೊದಲು ದೂರದಿಂದಲೇ ಎರಡೂ ಕಣ್ಣು ಹೋಲಿಸಿ. ರೆಪ್ಪೆಗೂದಲು ಕೆಳಕ್ಕೆ ವಾಲಿದ ಕಣ್ಣು ನೋಯುತ್ತಿರುವ ಕಣ್ಣು. ನೀರು ತಿಳಿಯಾಗಿದೆಯೋ, ಪಿಸುರು ಕಟ್ಟಿ ಹಳದಿಯಾಗಿದೆಯೋ ಗಮನಿಸಿ. ದೃಷ್ಟಿ ಇದೆಯೇ ಎಂದು ತಿಳಿಯಲು ಕೈ ಬೀಸಿದರೆ ಗಾಳಿಗೇ ದನ ಕಣ್ಣು ಮುಚ್ಚೀತು. ಅದಕ್ಕಿಂತ ಹತ್ತಿಯ ಉಂಡೆಯೊಂದನ್ನು ಕಣ್ಣ ಮುಂದೆ ಸದ್ದಿಲ್ಲದೆ ಕೆಡವಿ, ನೋಟ ಅದರ ಹಿಂದೆ ಹೋಗುತ್ತದೆಯೇ ನೋಡಿ. ಕೊನೆಗೆ ಥರ್ಮಾಮೀಟರ್. ಹಸುವಿನ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಹೊಲದಿಂದ ಬಂದ ಎತ್ತನ್ನು ಅಳೆದು ಗಾಬರಿಯಾಗಬೇಡಿ, ಒಂದು ತಾಸು ನೆರಳಲ್ಲಿ ನಿಲ್ಲಿಸಿ ಅಳೆಯಿರಿ.

ನೊಣ ತರುವ ಬೇನೆ

ಒಂದು ಕಣ್ಣು, ನಡುವಿನಿಂದ ಹಬ್ಬಿದ ಬಿಳುಪು, ಜ್ವರ ಇಲ್ಲ ಅಥವಾ ತೀರ ಕಡಿಮೆ, ಕರುಗಳಿಗೇ ಹೆಚ್ಚು, ಒಂದರ ಹಿಂದೆ ಒಂದರಂತೆ ದನಗಳಿಗೆ ಹಬ್ಬುತ್ತಿದೆ. ಇಷ್ಟು ಕೂಡಿದರೆ ಅದು ಅಂಟು ಕಣ್ಣುಬೇನೆ, ಡಾಕ್ಟರುಗಳ ಬಾಯಲ್ಲಿ ‘ಪಿಂಕ್ ಐ’. 1889ರಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಬಿಲ್ಲಿಂಗ್ಸ್ ಎಂಬ ಪಶುವೈದ್ಯ ಇದನ್ನು ವಿವರಿಸಿದ್ದ. ಇದರ ಹಿಂದಿನ ಮುಖ್ಯ ಬ್ಯಾಕ್ಟೀರಿಯಾದ ಹೆಸರು ಮೊರಾಕ್ಸೆಲ್ಲಾ ಬೋವಿಸ್. ಅದರ ಮೈಮೇಲಿನ ಸಣ್ಣ ಎಳೆಗಳು ಕರಿಗುಡ್ಡೆಯ ಮೇಲ್ಪೊರೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಅದು ಬಿಡುವ ನಂಜು ಅಲ್ಲಿನ ಜೀವಕೋಶಗಳನ್ನು ಕರಗಿಸುತ್ತದೆ. ಮೊದಲು ನೀರು, ಬೆಳಕು ತಾಳದ ಕಣ್ಣು. ಒಂದೆರಡು ದಿನದಲ್ಲಿ ನಡುವೆ ಸಾಸಿವೆಯಷ್ಟು ಬಿಳಿ ಚುಕ್ಕೆ. ಆಮೇಲೆ ಅದು ಹುಣ್ಣಾಗಿ ಇಡೀ ಗುಡ್ಡೆ ಮಂಜಾಗುತ್ತದೆ. ಅಂಚಿನಿಂದ ಕೆಂಪು ನರಗಳು ಹುಣ್ಣಿನತ್ತ ಬೆಳೆಯುವುದನ್ನು ಕಂಡು ಮನೆಯವರು ಹೆದರುತ್ತಾರೆ, ಆದರೆ ಅದು ಕಣ್ಣು ತನ್ನನ್ನು ತಾನೇ ವಾಸಿ ಮಾಡಿಕೊಳ್ಳುವ ಬಗೆ. ಒಳ್ಳೆಯ ಆರೈಕೆಯಲ್ಲಿ ಮೂರರಿಂದ ಐದು ವಾರಕ್ಕೆ ಬಹುತೇಕ ಕಣ್ಣುಗಳು ತಿಳಿಯಾಗುತ್ತವೆ.

ಬ್ಯಾಕ್ಟೀರಿಯಾ ಒಂದೇ ಸಾಲದು, ಅದಕ್ಕೆ ದಾರಿ ಬೇಕು. ಆ ದಾರಿಯನ್ನು ನಮ್ಮ ಹಂಗಾಮು ಮಾಡಿಕೊಡುತ್ತದೆ. ಬೈಲಹೊಂಗಲ, ಸವದತ್ತಿಯ ಎರೆ ಹೊಲಗಳಲ್ಲಿ ಮಾಗಿಯ ಜೋಳ, ಕಡಲೆ ಕಿತ್ತ ಮೇಲೆ ದನಗಳನ್ನು ಕೂಳೆ ಮೇಯಲು ಬಿಡುತ್ತೇವೆ. ತಲೆ ತಗ್ಗಿಸಿ ಮೇಯುವ ದನದ ಕಣ್ಣಿಗೆ ಒಣ ಕೂಳೆಯ ಚೂಪು ತುದಿ ಸರಿಯಾಗಿ ಎದುರಾಗುತ್ತದೆ. ಮೇಲೆ ಫೆಬ್ರುವರಿಯಿಂದ ಮೇವರೆಗಿನ ಬಿಸಿಲು. ಅದರ ನೇರಳಾತೀತ ಕಿರಣ ಗುಡ್ಡೆಯ ಮೇಲ್ಪೊರೆಯನ್ನು ಸಡಿಲಿಸುತ್ತದೆ. ರಾಶಿ ಮಾಡುವಾಗಿನ ಧೂಳು, ಗೋದಲಿಯಲ್ಲಿ ಎತ್ತರಕ್ಕೆ ಹಾಕಿದ ಕಣಕಿಯೊಳಗೆ ಮುಖ ಹೂತು ಎಳೆಯುವ ಅಭ್ಯಾಸ, ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಯತ್ತ ಕಬ್ಬು ಹೇರಿಕೊಂಡು ಹೋಗುವ ಎತ್ತುಗಳಿಗೆ ರವದಿಯ ಅಂಚು, ಎಲ್ಲವೂ ಕಣ್ಣಿಗೆ ಕಾಣದ ಗೀರು ಮಾಡುತ್ತವೆ. ಕಾರಹುಣ್ಣಿಮೆಗೆ ಕೋಡಿಗೆ ಹಚ್ಚುವ ಬಣ್ಣವನ್ನೂ ಇಲ್ಲೇ ಹೇಳಬೇಕು. ಎಣ್ಣೆಬಣ್ಣ, ಟರ್ಪೆಂಟೈನ್ ಕೋಡಿನಿಂದ ಇಳಿದು ಕಣ್ಣು ಸೇರಿದರೆ ಅದು ಸೋಂಕಲ್ಲ, ಸುಟ್ಟಗಾಯ. ಕೂಡಲೇ ಕಾಲು ಗಂಟೆಯಾದರೂ ಶುದ್ಧ ನೀರು ಸುರಿಯುತ್ತಿರಬೇಕು.

ಗೀರಿನ ಮೇಲೆ ನೊಣ ಕೂರುತ್ತದೆ. ಬೇನೆಯ ಕಣ್ಣಿನ ನೀರು ಕುಡಿದ ನೊಣದ ಕಾಲುಗಳಲ್ಲೂ ಬಾಯಲ್ಲೂ ಬ್ಯಾಕ್ಟೀರಿಯಾ ಕೆಲವು ದಿನ ಜೀವಂತವಾಗಿರುತ್ತದೆ. ಬೇಸಿಗೆಯ ಸೆಕೆಯಲ್ಲಿ ನೊಣದ ಮೊಟ್ಟೆ ಬೆಳೆದು ನೊಣವಾಗಲು ವಾರದಿಂದ ಹತ್ತು ದಿನ ಸಾಕು. ಅದಕ್ಕೇ ತಿಪ್ಪೆಯನ್ನು ಕೊಟ್ಟಿಗೆಯ ಬಾಗಿಲಲ್ಲಿ ಇಟ್ಟುಕೊಂಡು ಎಷ್ಟು ಮುಲಾಮು ಸವರಿದರೂ ದಂಡ. ವಾರಕ್ಕೊಮ್ಮೆ ಸಗಣಿಯನ್ನು ಪೂರ್ತಿ ತೆಗೆದು ದೂರದ ಗುಂಡಿಗೆ ಸಾಗಿಸಿ ಮಣ್ಣು ಮುಚ್ಚಿದರೆ ಒಂದು ಪೀಳಿಗೆಯ ನೊಣ ಹುಟ್ಟುವುದೇ ಇಲ್ಲ. ಬೇವಿನ ಸೊಪ್ಪಿನ ಹೊಗೆ ಒಳ್ಳೆಯದೇ, ಆದರೆ ಕಣ್ಣುಬೇನೆಯ ದನ ಅದೇ ಕೊಟ್ಟಿಗೆಯಲ್ಲಿದ್ದಾಗ ಬೇಡ.

ನಡುವೋ, ಅಂಚೋ

ಈಗ ಇನ್ನೊಂದು ಚಿತ್ರ. ಎರಡೂ ಕಣ್ಣು ಒಟ್ಟಿಗೇ ಮಂಜು, ಬಿಳುಪು ಅಂಚಿನಿಂದ ಒಳಕ್ಕೆ ಸರಿಯುತ್ತಿದೆ, 104-105 ಡಿಗ್ರಿ ಜ್ವರ, ಮೂಗಿನಲ್ಲಿ ಗಟ್ಟಿ ಸಿಂಬಳ ಕಟ್ಟಿ ಉಸಿರಾಟಕ್ಕೆ ಕಷ್ಟ, ಬಾಯಲ್ಲಿ ಹುಣ್ಣು. ಇದನ್ನು ಕಣ್ಣುಬೇನೆ ಎಂದುಕೊಂಡು ಹನಿ ಹಾಕುತ್ತ ಕೂತರೆ ಆಕಳು ಕೈತಪ್ಪುತ್ತದೆ. ಮ್ಯಾಲಿಗ್ನಂಟ್ ಕೆಟಾರಲ್ ಫೀವರ್ ಎಂಬ ಈ ವೈರಸ್ ರೋಗ ಕರ್ನಾಟಕದಲ್ಲೂ ದೃಢಪಟ್ಟಿದೆ. ಇದರ ವೈರಸ್ ಕುರಿಗಳಲ್ಲಿರುತ್ತದೆ, ಕುರಿಗೆ ಏನೂ ಆಗುವುದಿಲ್ಲ. ಹೆಚ್ಚಾಗಿ ಆರರಿಂದ ಒಂಬತ್ತು ತಿಂಗಳ ಮರಿಗಳು ಮೂಗಿನ ಸೋರಿಕೆಯಲ್ಲಿ ಅದನ್ನು ಹೊರಬಿಡುತ್ತವೆ. ದಖನಿ ಕುರಿಗಳ ಹಿಂಡು ತಿರುಗಾಡುವ ರಾಮದುರ್ಗ, ಸವದತ್ತಿಯ ಸೀಮೆಯಲ್ಲಿ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬಿಸುವುದು ಹಳೆಯ ಪದ್ಧತಿ, ಅದನ್ನು ಬಿಡಬೇಕಾದ ಕಾರಣವಿಲ್ಲ. ಕುರಿಗಳಿಗೂ ಮಿಶ್ರತಳಿ ಆಕಳಿಗೂ ಒಂದೇ ಗೋದಲಿ, ಒಂದೇ ನೀರಿನ ದೋಣಿ ಆಗದಿದ್ದರೆ ಸಾಕು. ರೋಗ ಬಂದ ದನ ಉಳಿಯುವುದು ಅಪರೂಪ. ಆದರೆ ಅದು ಇನ್ನೊಂದು ದನಕ್ಕೆ ಅಂಟಿಸುವುದಿಲ್ಲ ಎನ್ನುವುದಾದರೂ ತಿಳಿದಿರಲಿ.

ಜ್ವರದ ಜತೆ ಕಣ್ಣು ಕೆಡುವ ಎರಡನೆಯ ಕಾರಣ ಉಣ್ಣೆ. ಮಿಶ್ರತಳಿ ಆಕಳಿಗೆ, ಮುಖ್ಯವಾಗಿ ಎಳೆಗರುವಿಗೆ ಉಣ್ಣೆ ಕಚ್ಚಿ ಥೈಲೇರಿಯಾ ರೋಗ ತಗುಲಿದಾಗ ಕಣ್ಣಲ್ಲಿ ನೀರು ಸುರಿಯುತ್ತದೆ, ಗುಡ್ಡೆ ಮುಂದಕ್ಕೆ ಉಬ್ಬುತ್ತದೆ, ಕೆಲವೊಮ್ಮೆ ಬೆಳ್ಳಗಾಗುತ್ತದೆ. ಕೆಳರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು. ಭುಜದ ಮುಂದೆ ಕೈಯಾಡಿಸಿದರೆ ಗಡ್ಡೆಯಾದ ಗ್ರಂಥಿ ಕೈಗೆ ಸಿಗುತ್ತದೆ. ಇದಕ್ಕೆ ಬುಪಾರ್ವಕೋನ್ ಎಂಬ ಒಳ್ಳೆಯ ಇಂಜೆಕ್ಷನ್ ಇದೆ, ಹೊತ್ತಿಗೆ ಸರಿಯಾಗಿ ಬಿದ್ದರೆ ಮಾತ್ರ. ಬರೀ ಕಣ್ಣು ನೋಡಿ ಮೈ ಮುಟ್ಟದೆ ಹೋದರೆ ಆ ಹೊತ್ತು ಮೀರಿಹೋಗುತ್ತದೆ. 2022ರಲ್ಲಿ ಬೆಳಗಾವಿ ಜಿಲ್ಲೆಯನ್ನೂ ಕಾಡಿದ ಚರ್ಮಗಂಟು ರೋಗದಲ್ಲೂ ಕಣ್ಣು ಕೆಂಪಾಗಿ ಹುಣ್ಣಾಗುವುದುಂಟು. ಅಲ್ಲಿ ಮೈಮೇಲಿನ ಗಂಟುಗಳೇ ಗುಟ್ಟು ಬಿಟ್ಟುಕೊಡುತ್ತವೆ.

ಕುರಿ, ಮೇಕೆಗಳಲ್ಲಿ ಎರಡೂ ಕಣ್ಣಿಗೆ ಪಿಸುರು ಅಂಟಿ, ಮೂಗು ಸೋರಿ, ಬಾಯಿ ಹುಣ್ಣಾಗಿ, ಭೇದಿ ಶುರುವಾದರೆ ಹಿರೇಬೇನೆ, ಅಂದರೆ ಪಿಪಿಆರ್. ಒಂದು ಕುರಿಯ ಕಣ್ಣಿಗಲ್ಲ, ಇಡೀ ಹಿಂಡಿಗೆ ಚಿಕಿತ್ಸೆ ಬೇಕಾದ ಸ್ಥಿತಿ ಅದು. ಲಸಿಕೆ ಇದೆ, 2030ರೊಳಗೆ ದೇಶದಿಂದಲೇ ಇದನ್ನು ಅಳಿಸುವ ಗುರಿಯಿದೆ. ಕಣ್ಣು ಮಾತ್ರ ಕೆಂಪಾಗಿ ಮಂಜಾಗಿ ಮೇವು ಎಂದಿನಂತಿದ್ದರೆ ಮೈಕೋಪ್ಲಾಸ್ಮಾ ಅಥವಾ ಕ್ಲಮೈಡಿಯಾ ಇರಬಹುದು. ಎರಡೂ ಟೆಟ್ರಾಸೈಕ್ಲಿನ್‌ಗೆ ಬಗ್ಗುತ್ತವೆ.

ಕಣ್ಣೊಳಗಿನ ಹುಳ

ಮುಲಾಮು ಹಾಕಿ ಹಾಕಿ ಬೇಸತ್ತರೂ ನೀರು ನಿಲ್ಲದ ಎಮ್ಮೆ, ಆಕಳುಗಳಿರುತ್ತವೆ. ಅಂಥ ಕಣ್ಣಿನ ಮೂರನೆಯ ರೆಪ್ಪೆಯನ್ನು, ಅಂದರೆ ಮೂಗಿನ ಕಡೆಯ ಮೂಲೆಯಲ್ಲಿ ಮಡಿಚಿಕೊಂಡಿರುವ ಗುಲಾಬಿ ಪೊರೆಯನ್ನು, ಎತ್ತಿ ನೋಡಿಸಬೇಕು. ಮರಗಟ್ಟಿಸುವ ಹನಿ ಹಾಕಿ, ಒಂದೆರಡು ನಿಮಿಷ ಬಿಟ್ಟು, ವೈದ್ಯರು ಆ ಪೊರೆಯನ್ನು ಮೆಲ್ಲನೆ ಹೊರಗೆಳೆದರೆ ಅಡಿಯಲ್ಲಿ ಹಾಲುಬಿಳಿಯ ಎಳೆಯೊಂದು ಮಿಸುಕುತ್ತದೆ. ಒಂದರಿಂದ ಎರಡು ಸೆಂಟಿಮೀಟರ್ ಉದ್ದ. ಥೆಲೇಜಿಯಾ ಎಂಬ ಈ ಹುಳದ ಮೈಮೇಲೆ ಹಲ್ಲುಹಲ್ಲಾದ ಉಂಗುರಗೆರೆಗಳಿವೆ, ಅದು ಹರಿದಾಡಿದಂತೆಲ್ಲ ಗುಡ್ಡೆ ಗೀರುತ್ತ ಹೋಗುತ್ತದೆ. ಇದನ್ನೂ ತರುವುದು ನೊಣವೇ: ಕಣ್ಣೀರಿನ ಜತೆ ಮರಿಹುಳವನ್ನು ನುಂಗಿ, ತನ್ನ ಹೊಟ್ಟೆಯಲ್ಲಿ ಬೆಳೆಸಿ, ಮತ್ತೊಂದು ಕಣ್ಣಿಗೆ ಬಿಡುತ್ತದೆ. ಮೊಂಡ ಚಿಮುಟದಿಂದ ಹುಳ ತೆಗೆದು, ಉಪ್ಪುನೀರಿನಿಂದ ತೊಳೆದು, ಹುಳದ ಇಂಜೆಕ್ಷನ್ ಕೊಟ್ಟರೆ ತಿಂಗಳುಗಟ್ಟಲೆ ಕಾಡಿದ ಕಣ್ಣು ಕೆಲವೇ ದಿನದಲ್ಲಿ ತಿಳಿಯಾಗುತ್ತದೆ. ನನ್ನ ಮಟ್ಟಿಗೆ, ಕಣ್ಣಿನ ತಪಾಸಣೆಯಲ್ಲಿ ಹೆಚ್ಚು ಸಲ ತಪ್ಪಿಹೋಗುವ ಹೆಜ್ಜೆ ಈ ಮೂರನೆಯ ರೆಪ್ಪೆ ಎತ್ತುವುದೇ.

ಕುದುರೆಯ ಕಣ್ಣಿನ ಹುಳ ಬೇರೆ. ಹಟ್ಟಿ ಸಾಮಾನು ಹೊರುವ ಕುರಿಗಾರರ ಕುದುರೆಗಳಲ್ಲಿ ಗುಡ್ಡೆಯ ಹಿಂದಿನ ನೀರಿನಲ್ಲೇ ದಾರದಂಥ ಹುಳ ಈಜಾಡುವುದು ಬರಿಗಣ್ಣಿಗೆ ಕಾಣಿಸುತ್ತದೆ. ಸೆಟೇರಿಯಾ ಎಂಬ ಇದರ ಸಹಜ ಮನೆ ದನದ ಹೊಟ್ಟೆ, ಅಲ್ಲಿ ಅದು ತಂಟೆ ಮಾಡುವುದಿಲ್ಲ. ಸೊಳ್ಳೆ ಅದರ ಮರಿಯನ್ನು ಕುದುರೆಗೆ ಸಾಗಿಸಿದಾಗ ದಾರಿತಪ್ಪಿ ಕಣ್ಣು ಸೇರುತ್ತದೆ. ಮಳೆ ಹೆಚ್ಚಿರುವ, ಸೊಳ್ಳೆ ಹೆಚ್ಚಿರುವ ಕಿತ್ತೂರಿನ ಕಡೆಯ ಹೊಲಗಳಲ್ಲಿ ಹಿಂಡು ಬೀಡುಬಿಟ್ಟಾಗ ಇದನ್ನು ನೆನಪಿನಲ್ಲಿಡಬೇಕು. ಹನಿಗೆ, ಮುಲಾಮಿಗೆ ಇದು ಜಗ್ಗದು. ಕುದುರೆಗೆ ಮಂಪರು ಕೊಟ್ಟು, ಗುಡ್ಡೆಯ ಅಂಚಿನಲ್ಲಿ ಸಣ್ಣ ರಂಧ್ರ ಮಾಡಿದರೆ ನೀರಿನ ಜತೆ ಹುಳ ಹೊರಚಿಮ್ಮುತ್ತದೆ. ತಡ ಮಾಡಿದಷ್ಟೂ ಕಣ್ಣು ಹಾಳು.

ಸೋಂಕೇ ಅಲ್ಲದ ಕುರುಡು

ಬರದ ವರ್ಷದಲ್ಲಿ ರಾಮದುರ್ಗದ ಒಣ ಭಾಗಗಳಲ್ಲಿ ತಿಂಗಳುಗಟ್ಟಲೆ ದನಕ್ಕೆ ಸಿಗುವುದು ಹಳೆಯ ಬಣವೆಯ ಕಣಕಿ, ಹೊಟ್ಟು. ಅದರಲ್ಲಿ ಕ್ಯಾರೊಟಿನ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ದನದ ಪಿತ್ತಜನಕಾಂಗದಲ್ಲಿ ಕೂಡಿಟ್ಟ ಎ ಜೀವಸತ್ವ ಕೆಲವು ತಿಂಗಳು ಬರುತ್ತದೆ, ಆಮೇಲೆ ಬರಿದು. ಮೊದಲ ಸುಳಿವು ಮುಸ್ಸಂಜೆಗೆ: ಎಮ್ಮೆಗರು ಹಗಲು ಚೆನ್ನಾಗಿದ್ದು, ಕತ್ತಲಾಗುತ್ತಲೇ ಗೂಟಕ್ಕೆ, ಗೋಡೆಗೆ ಹಾಯುತ್ತದೆ. ಗಬ್ಬದ ಎಮ್ಮೆಗೆ ಕೊರತೆಯಾದರೆ ಕರು ಹುಟ್ಟುಗುರುಡಾಗಬಹುದು. ನೋವಿಲ್ಲ, ಕೆಂಪಿಲ್ಲ, ಜ್ವರವಿಲ್ಲ. ಹನಿ ಹಾಕುವುದರಿಂದ ಏನೂ ಆಗುವುದಿಲ್ಲ. ಕರುವಿಗೆ ಗಿಣ್ಣದ ಹಾಲು ಹೊಟ್ಟೆ ತುಂಬ ಕುಡಿಸುವುದು, ಮಲಪ್ರಭೆಯ ಕಾಲುವೆ ನೀರಿರುವಲ್ಲಿ ಕುದುರೆಮೆಂತೆ, ನೇಪಿಯರ್ ಹುಲ್ಲು ಬೆಳೆಯುವುದು, ನೀರಿಲ್ಲದ ಕಡೆ ಬದುವಿನ ನುಗ್ಗೆ, ಚೊಗಚೆಯ ಸೊಪ್ಪು ದಿನಕ್ಕೆರಡು ಹಿಡಿ ಹಾಕುವುದು ಇದರ ಮದ್ದು. ತೀವ್ರವಾಗಿದ್ದರೆ ಇಂಜೆಕ್ಷನ್ ಇದೆ, ಆದರೆ ಕಣ್ಣಿನ ನರವೇ ಒತ್ತಿ ಸತ್ತಿದ್ದರೆ ದೃಷ್ಟಿ ಮರಳದು.

ಬಿಳಿ ರೆಪ್ಪೆಯ ಮಿಶ್ರತಳಿ ಆಕಳುಗಳ ಕಣ್ಣಂಚಿನಲ್ಲೋ ಮೂರನೆಯ ರೆಪ್ಪೆಯಲ್ಲೋ ಗೋದಿಕಾಳಿನಷ್ಟು ಮಾಂಸದ ಕುಡಿ ಎದ್ದು, ಮಾಯದೆ, ಆಗಾಗ ರಕ್ತ ಒಸರುತ್ತಿದ್ದರೆ ಅದು ಕ್ಯಾನ್ಸರ್ ಆಗಿರುವ ಸಾಧ್ಯತೆ ಹೆಚ್ಚು. ಚಿಕ್ಕದಿರುವಾಗಲೇ ಕತ್ತರಿಸಿ ತೆಗೆಸಿದರೆ ಆಕಳು ಉಳಿಯುತ್ತದೆ. ಹುಳ ಬೀಳುವವರೆಗೆ ಕಾದರೆ ಕಣ್ಣೂ ಹೋಗಿ ಆಕಳೂ ಹೋಗುತ್ತದೆ.

ನಾಯಿಯ ಬಗ್ಗೆ ಎರಡು ಮಾತು, ಏಕೆಂದರೆ ರಾಮದುರ್ಗದ ಗಡಿ ದಾಟಿದರೆ ಮುಧೋಳ, ಅಲ್ಲಿನ ಬೇಟೆನಾಯಿಯನ್ನು ಈ ನಾಲ್ಕೂ ತಾಲ್ಲೂಕುಗಳಲ್ಲಿ ಹೊಲ ಕಾಯಲು ಸಾಕುತ್ತಾರೆ. ಲಸಿಕೆ ಕಾಣದ ಮರಿಯ ಎರಡೂ ಕಣ್ಣಲ್ಲಿ ಪಿಸುರು, ಜತೆಗೆ ಮೂಗು ಸೋರಿಕೆ, ಕೆಮ್ಮು ಇದ್ದರೆ ಡಿಸ್ಟೆಂಪರ್ ಎಂದು ಶಂಕಿಸಿ. ದೊಡ್ಡ ನಾಯಿಯ ಕಣ್ಣೊಳಗೆ ರಕ್ತ ಇಳಿದರೆ ಉಣ್ಣೆಜ್ವರ ಪರೀಕ್ಷಿಸಿ.

ದವಾಖಾನೆಯಲ್ಲಿ ಏನಾಗಬೇಕು

ಸರಿಯಾದ ಪರೀಕ್ಷೆಯ ನಡುಬಿಂದು ಒಂದು ಕೇಸರಿ ಬಣ್ಣದ ಕಾಗದದ ಪಟ್ಟಿ. ಫ್ಲೋರೆಸಿನ್ ಎಂಬ ಬಣ್ಣ ಹೀರಿದ ಆ ಪಟ್ಟಿಯನ್ನು ಉಪ್ಪುನೀರಿನಲ್ಲಿ ನೆನೆಸಿ ಕೆಳರೆಪ್ಪೆಯೊಳಗೆ ತಾಕಿಸಿ, ದನ ಎರಡು ಸಲ ರೆಪ್ಪೆ ಬಡಿದ ಮೇಲೆ ತೊಳೆಯುತ್ತಾರೆ. ಮೇಲ್ಪೊರೆ ಗಟ್ಟಿಯಿದ್ದರೆ ಬಣ್ಣ ಪೂರಾ ಹೋಗುತ್ತದೆ. ಹುಣ್ಣಿದ್ದಲ್ಲಿ ಮಾತ್ರ ಹಸಿರು ನಿಲ್ಲುತ್ತದೆ, ನೀಲಿ ಬೆಳಕು ಬಿಟ್ಟರೆ ಹೊಳೆಯುತ್ತದೆ. ಹಸಿರು ಉಂಗುರದ ನಡುವೆ ಬಣ್ಣ ಹಿಡಿಯದ ಕರಿ ಚುಕ್ಕೆ ಕಂಡರೆ ಸಮಾಧಾನಪಡಬೇಡಿ: ಹುಣ್ಣು ಕೊನೆಯ ತೆಳುಪೊರೆಯವರೆಗೂ ಇಳಿದಿದೆ, ಕಣ್ಣು ಒಡೆಯಲು ಕೂದಲೆಳೆಯಷ್ಟೇ ಬಾಕಿ. ಹಸಿರು ಮೂಗಿನ ಹೊಳ್ಳೆಯಲ್ಲಿ ಇಳಿದರೆ ಕಣ್ಣೀರಿನ ನಾಳ ತೆರೆದಿದೆ ಎಂದೂ ಗೊತ್ತಾಗುತ್ತದೆ. ಒಂದು ಪಟ್ಟಿಯ ಬೆಲೆ ಅಲ್ಪ, ಅದು ಹೇಳುವ ಸುದ್ದಿ ದೊಡ್ಡದು. ಈ ಪರೀಕ್ಷೆ ಮಾಡದೆ ಯಾರಾದರೂ ಸ್ಟೀರಾಯ್ಡ್ ಹನಿ ಬರೆದರೆ, “ಸಾಹೇಬ್ರ, ಹುಣ್ಣ ಐತೇನ್ ನೋಡ್ರಿ ಮೊದ್ಲ” ಎಂದು ಕೇಳಲು ಸಂಕೋಚ ಬೇಡ.

ಹಲವು ದನಕ್ಕೆ ಒಮ್ಮೆಲೇ ಬಂದಿದ್ದರೆ ಕಣ್ಣಿನ ಒಳರೆಪ್ಪೆಯಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು ಬೆಳಗಾವಿಯ ಪಶುರೋಗ ಪ್ರಯೋಗಾಲಯಕ್ಕೋ ಬೆಂಗಳೂರಿನ ಹೆಬ್ಬಾಳದ ಸಂಸ್ಥೆಗೋ ಕಳಿಸಬಹುದು. ಆಂಟಿಬಯೋಟಿಕ್ ಹಾಕುವ ಮೊದಲೇ ತೆಗೆಯಬೇಕು, ಇಲ್ಲದಿದ್ದರೆ ಏನೂ ಬೆಳೆಯುವುದಿಲ್ಲ. ಜ್ವರವಿದ್ದರೆ ರಕ್ತದ ಲೇಪವೂ ಬೇಕು.

ವೈದ್ಯರು ಬರುವವರೆಗೆ ಮನೆಯಲ್ಲಿ ಮಾಡಬಹುದಾದ್ದು ಸ್ವಲ್ಪವೇ, ಆದರೆ ಅದರ ಗುಣ ದೊಡ್ಡದು. ಒಂದು ಲೀಟರ್ ನೀರು ಕುದಿಸಿ, 9 ಗ್ರಾಂ ಉಪ್ಪು, ಅಂದರೆ ಸುಮಾರು ಒಂದೂವರೆ ಸಣ್ಣ ಚಮಚ ಕರಗಿಸಿ, ಆರಿದ ಮೇಲೆ ತೊಳೆಯಿರಿ. ಪ್ರತಿ ಕಣ್ಣಿಗೆ ಬೇರೆ ಬಟ್ಟೆ. ಮೊದಲು ಚೆನ್ನಾಗಿರುವ ದನ ಮುಟ್ಟಿ, ಬೇನೆಯದನ್ನು ಕೊನೆಗೆ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ನೆರಳಲ್ಲಿ ಕಟ್ಟಿ. ಮುಳ್ಳು ನೆಟ್ಟಿದ್ದರೆ ಕೀಳಬೇಡಿ. ಕರಿಗುಡ್ಡೆ ಉಬ್ಬಿದ್ದರೆ, ಕಣ್ಣಿಂದ ಅಂಟು ನೀರು ಒಸರುತ್ತಿದ್ದರೆ, ಜ್ವರವಿದ್ದರೆ ಬೆಳಗಾಗಲಿ ಎನ್ನದೆ 1962ಕ್ಕೆ ಫೋನ್ ಮಾಡಿ, ಇದು ಪಶು ಸಂಚಾರಿ ಚಿಕಿತ್ಸಾ ವಾಹನದ ಉಚಿತ ಸಂಖ್ಯೆ. ಫೋನಿನಲ್ಲಿ “ಕಣ್ಣ ಬ್ಯಾನಿ” ಎಂದಷ್ಟೇ ಹೇಳದೆ ಆ ಮೂರು ಸಂಗತಿಯನ್ನೂ ಹೇಳಿದರೆ ಬರುವವರು ಅದಕ್ಕೆ ತಕ್ಕ ಔಷಧ ತಂದಾರು. ಟೆಟ್ರಾಸೈಕ್ಲಿನ್ ಇಂಜೆಕ್ಷನ್ ಬಿದ್ದರೆ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮುಲಾಮು ಬರೆದರೆ ದಿನಕ್ಕೆ ಮೂರ್ನಾಲ್ಕು ಸಲ ಹಾಕಬೇಕು. ಕಣ್ಣೀರು ಔಷಧವನ್ನು ಬೇಗ ತೊಳೆದುಬಿಡುತ್ತದೆ. ಮುಂಜಾನೆ ಒಮ್ಮೆ ಹಚ್ಚಿ ಹೊಲಕ್ಕೆ ಹೋದರೆ ಹಚ್ಚದಂತೆಯೇ.

ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ನಡೆಸಿ ನೋಡುತ್ತೇವೆ. ಕಣ್ಣಿನ ಮುಂದೆ ಹತ್ತಿಯುಂಡೆ ಕೆಡವುವವರು ಕಡಿಮೆ. ಹಳೆಯ ಹುಣ್ಣಿನ ತೆಳು ಕಲೆ ದುಡಿಮೆಗೆ ಅಡ್ಡಿಯಲ್ಲ, ದರ ಚೌಕಾಸಿಗೆ ಬಂದೀತು. ಆದರೆ ಬೇನೆಯಿಂದ ಎದ್ದ ದನದ ಕಣ್ಣೀರಿನಲ್ಲಿ ಮೊರಾಕ್ಸೆಲ್ಲಾ ಒಂದು ವರ್ಷಕ್ಕೂ ಹೆಚ್ಚು ಕಾಲ ಉಳಿದಿರಬಹುದು. ಹೊಸ ದನ ಎಷ್ಟೇ ಚೆಂದ ಕಂಡರೂ ಮೂರು ವಾರ ಬೇರೆ ಗೂಟಕ್ಕೆ ಕಟ್ಟಿ, ಬೇರೆ ಬಕೆಟ್ಟಿನಲ್ಲಿ ನೀರು ಕೊಡಿ, ಮನೆಯ ಕರುಗಳಿಂದ ದೂರ.